ಎಡಮುಂಚಕ್ರದ ಕರಕರ: ಒಂದು ಮೀಮಾಂಸೆ

ಕಾರಿನ ಎಡಮುಂಚಕ್ರದಲ್ಲಿ ಆಗಾಗ ಹುಟ್ಟಿ ಆಗಾಗ ಅಡಗುವ ‘ಕರ್... ಕರ್...’ ಎಂಬ ನಾದದ ಮೂಲ ಕುರಿತು ವಿದ್ವಾಂಸರಲ್ಲಿ ಮತಭೇದವಿದೆ. ಹಿಂದಿನ ಸೀಟಿನ ಪೀಠಾಧಿಪತಿಗಳಾದ ಮಾವನವರದು ಬೇರಿಂಗ್‌ವಾದ. ಪಕ್ಕದ ಸೀಟಿನದು ‘ನಾನು ಆಗಲೇ ಹೇಳಿದ್ದೆ’ ಎಂಬ ಅನಾದಿ ದರ್ಶನ; ಇದನ್ನು ಖಂಡಿಸಿ ಬದುಕಿದವರಿಲ್ಲ. ಹಾಡು ಜೋರು ಮಾಡಿ ಕರಕರವೇ ಮಿಥ್ಯೆ ಎನ್ನುವ ಚಾಲಕರದು ಮೂರನೆಯ ಪಂಥ. ಅನುಯಾಯಿಗಳು ಇದಕ್ಕೇ ಹೆಚ್ಚು.

ಮೊದಲು ಲಯನಿರ್ಣಯ. 14 ಇಂಚಿನ ರಿಮ್ಮಿನ ಸಾಧಾರಣ ಟೈರು ಒಂದು ಸುತ್ತಿಗೆ ಹೆಚ್ಚುಕಡಿಮೆ 2 ಮೀಟರ್ ಉರುಳುತ್ತದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 3 ಸುತ್ತು ತುಂಬುವುದಿಲ್ಲ. ಕರಕರವೂ ಇದೇ ಲೆಕ್ಕದಲ್ಲಿ ಬಂದು, ವೇಗ ಏರಿದಂತೆ ದ್ರುತಕ್ಕೆ ಹತ್ತಿದರೆ, ಅಪರಾಧಿ ಚಕ್ರದ ಕುಟುಂಬದವನೇ. ಎಂಜಿನ್ನನ್ನು ಶಂಕಿಸುವುದು ಪಾಪ.

ಇನ್ನು ಅನ್ವಯ-ವ್ಯತಿರೇಕ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಮಾತ್ರ ಸದ್ದಾದರೆ, ಚಕ್ರದ ಮೇಲಿನ ಪ್ಲಾಸ್ಟಿಕ್ ಲೈನಿಂಗ್ ಕ್ಲಿಪ್ ಬಿಟ್ಟು ಟೈರಿಗೆ ಉಜ್ಜುತ್ತಿರಬಹುದು. ರಾತ್ರಿಯಿಡೀ ಮಳೆಯಲ್ಲಿ ನೆನೆದ ಕಾರು ಬೆಳಗ್ಗೆ ಉಜ್ಜಿದರೆ ಅದು ಡಿಸ್ಕಿನ ಮೇಲಿನ ತುಕ್ಕು. ನಾಲ್ಕು ಸಲ ಬ್ರೇಕ್ ಒತ್ತಿದರೆ ಮೋಕ್ಷ. ಕೆಟ್ಟ ಬೇರಿಂಗ್ ಸಾಮಾನ್ಯವಾಗಿ ಬಿಟ್ಟುಬಿಟ್ಟು ಕೆರೆಯುವುದಿಲ್ಲ, ಗುಂಯ್ ಎನ್ನುತ್ತಲೇ ಇರುತ್ತದೆ, ತಿರುವಿನಲ್ಲಿ ಭಾರ ಬಿದ್ದಾಗ ಶ್ರುತಿ ಏರಿಸುತ್ತದೆ. ಮಾವನವರ ಪೂರ್ವಪಕ್ಷ ಇಲ್ಲಿಗೆ ಬಿತ್ತು. (ಅವರಿಗೆ ತಿಳಿಸುವ ಹೊಣೆ ಪ್ರಬಂಧಕಾರನದಲ್ಲ.)

ಉಳಿದದ್ದು ಜಲ್ಲಿ. ಡಿಸ್ಕಿನ ಹಿಂಬದಿಗೆ ದೂಳು ತಡೆಯಲೆಂದು ತೆಳುತಗಡಿನ ಮರೆಯೊಂದಿರುತ್ತದೆ. ಇವೆರಡರ ನಡುವಿನ ಸಂದಿಗೆ ಕಡಲೆಬೇಳೆಯಷ್ಟು ಹರಳು ಹೊಕ್ಕರೆ ಸಾಕು: ಹಂಪು ಹಾರಿದಾಗ ಕರಕರ, ನೇರ ರಸ್ತೆಯಲ್ಲಿ ಮೌನ, ಶೆಡ್ಡಿನೆದುರು ಮಹಾಮೌನ. ಚಕ್ರ ಬಿಚ್ಚಿದರೆ ಡಿಸ್ಕಿನ ಒಳಮೈ ಮೇಲೆ ಹೊಸದಾಗಿ ಹೊಳೆಯುವ ದುಂಡುಗೀರು ಕಾಣುತ್ತದೆ. ಇದಕ್ಕಿಂತ ಮಿಗಿಲಾದ ಶಾಸನಾಧಾರವಿಲ್ಲ. ಆದರೆ ಮೆಕ್ಯಾನಿಕ್ಕು ಯಾವ ಶಾಸನವನ್ನೂ ಓದದೆ, ಬೀಡಿಯನ್ನೂ ತೆಗೆಯದೆ, ‘ಸಾರ್, ಸ್ವಲ್ಪ ರಿವರ್ಸ್ ತಗೊಳ್ಳಿ’ ಎನ್ನುತ್ತಾನೆ. ಎಷ್ಟೋ ಸಲ ಹರಳು ಅಷ್ಟಕ್ಕೇ ಉದುರುತ್ತದೆ. ಉದುರದಿದ್ದರೆ ಸ್ಕ್ರೂಡ್ರೈವರ್ ತೂರಿಸಿ ತಗಡನ್ನು ಮೆಲ್ಲಗೆ ಮೀಟುತ್ತಾನೆ. ಮೂರೂ ದರ್ಶನಗಳು ಕಾರಿನೊಳಗೆ ಕೂತು ನೋಡುತ್ತಿರುತ್ತವೆ.

ಇಷ್ಟೆಲ್ಲ ಪಾಂಡಿತ್ಯಕ್ಕೆ ಒಂದು ಅಪವಾದವಿದೆ. ಬ್ರೇಕ್ ಒತ್ತಿದಾಗಲೇ ಕಬ್ಬಿಣಕ್ಕೆ ಕಬ್ಬಿಣ ತಿಕ್ಕುವ ಸದ್ದು ಬಂದರೆ, ಪ್ಯಾಡ್ ಪೂರಾ ಸವೆದು ಅದರ ಬೆನ್ನಿನ ಉಕ್ಕಿನ ತಗಡು ಡಿಸ್ಕನ್ನು ಕೊರೆಯುತ್ತಿರುವ ಸಂಭವವೇ ಹೆಚ್ಚು. ಅಂಥ ವಾಚಕರು ಮೀಮಾಂಸೆಯನ್ನು ಬದಿಗಿಟ್ಟು, ಗಾಡಿಯನ್ನೂ ಬದಿಗೆ ನಿಲ್ಲಿಸಿ, ಮೆಕ್ಯಾನಿಕ್ಕನ್ನು ಅಲ್ಲಿಗೇ ಕರೆಸತಕ್ಕದ್ದು.