ಹೌಸಿಂಗಿಗೆ ಯಾವ ಎಣ್ಣೆ: ಕಾಸರಗೋಡು ಜಿಲ್ಲೆಗೆ ಅನ್ವಯಿಸಿ ಒಂದು ಶಾಸ್ತ್ರವಿಚಾರ

ಜೀಪಿನ ಹಿಂದಿನ ಹೌಸಿಂಗಿಗೆ, ಅಂದರೆ ಡಿಫರೆನ್ಶಿಯಲ್ ಕೂತ ಪೆಟ್ಟಿಗೆಗೆ, ಯಾವ ಎಣ್ಣೆ ಎಂಬ ವಿಷಯದಲ್ಲಿ ಬದಿಯಡ್ಕದಿಂದ ಮುಳ್ಳೇರಿಯದವರೆಗೆ ಹಲವು ಪಂಥಗಳಿವೆ. ಬಣ್ಣ ನೋಡುವವರು, ಮೂಸಿ ನೋಡುವವರು, ದುಬೈಯ ಭಾವ ತಂದ ಡಬ್ಬ ಎಂದು ಕಣ್ಣು ಮುಚ್ಚಿ ಸುರಿಯುವವರು. ಡಬ್ಬದ ಮೇಲೆ ಬರೆದದ್ದನ್ನು ಓದುವ ಪಂಥ ಮಾತ್ರ ಇನ್ನೂ ಹುಟ್ಟಿಲ್ಲ. ಆ ಕೊರತೆ ನೀಗಲೆಂದು ಈ ಲೇಖನ.

ಡಬ್ಬದ ಮೇಲಿನ 80ಡಬ್ಲ್ಯು-90 ಎಂಬಲ್ಲಿ ಡಬ್ಲ್ಯು ಚಳಿಗಾಲವನ್ನು ಸೂಚಿಸುತ್ತದೆ. 80ಡಬ್ಲ್ಯು ಎಣ್ಣೆ ಸೊನ್ನೆಗಿಂತ 26 ಡಿಗ್ರಿ ಕೆಳಗೂ ಹರಿಯಬೇಕು. 85ಡಬ್ಲ್ಯು ಆದರೆ 12 ಡಿಗ್ರಿ ಕೆಳಗೆ ಹರಿದರೆ ಸಾಕು. ಪೆರ್ಲದಲ್ಲಿ ಅಂಥ ಚಳಿ ಬಿದ್ದರೆ ಜನ ಅಡಿಕೆ ತೋಟಕ್ಕೆ ಓಡುತ್ತಾರೆಯೇ ಹೊರತು ಹೌಸಿಂಗಿನ ಬುಡಕ್ಕಲ್ಲ. ನಮಗೆ ಬೇಕಾದದ್ದು ಎರಡನೆಯ ಅಂಕೆ. ಎಣ್ಣೆ 100 ಡಿಗ್ರಿ ಕಾದಾಗ ಎಷ್ಟು ದಪ್ಪ ಉಳಿಯುತ್ತದೆ ಎಂಬ ಲೆಕ್ಕ ಅದು. ಕೆಂಪುಕಲ್ಲು ಹೇರಿಕೊಂಡು ಬಂದಡ್ಕದ ಕಡೆ ಏರು ಹತ್ತುವ ಜೀಪಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಮಾಲೀಕರಿಗೆ ತಿಳಿಸುವ ಉಪಾಯ ಅದಕ್ಕಿಲ್ಲ.

ಡಬ್ಬದ ಮೇಲಿನ ಜಿಎಲ್-4, ಜಿಎಲ್-5 ಎಂಬ ಎಣ್ಣೆಯ ದರ್ಜೆಯನ್ನು ನಮ್ಮಲ್ಲಿ ಶಾಲೆಯ ತರಗತಿ ಎಂದು ತಿಳಿಯುತ್ತಾರೆ. ಐದು ದೊಡ್ಡದು, ಹಾಗಾಗಿ ಗೇರ್‌ಬಾಕ್ಸಿಗೂ ಐದೇ ಇರಲಿ ಎನ್ನುತ್ತಾರೆ. ಐದರಲ್ಲಿ ಗಂಧಕ, ರಂಜಕದ ಅಂಶ ಹೆಚ್ಚು. ಅದು ಗೇರ್‌ಬಾಕ್ಸಿನ ಹಿತ್ತಾಳೆಯ ರಿಂಗುಗಳನ್ನು ಸದ್ದಿಲ್ಲದೆ ತಿನ್ನಬಹುದು. ಹೌಸಿಂಗಿನ ಹಲ್ಲುಚಕ್ರಗಳಾದ ಕ್ರೌನ್, ಪಿನಿಯನ್ ಉಕ್ಕಿನವು. ಅಲ್ಲಿಗೆ ಐದೇ ಸರಿ.

ಇನ್ನು ಘರ್ಷಣೆ. ತಾಗುವ ಜಾಗ ಎಷ್ಟು ಅಗಲವಾದರೂ ಘರ್ಷಣೆ ಬದಲಾಗದು, ಮೇಲೆ ಕೂತ ಭಾರದಿಂದ ಮಾತ್ರ ಬದಲಾಗುತ್ತದೆ ಎಂದು ಫ್ರಾನ್ಸಿನ ಅಮೊಂಟನ್ಸ್ 1699ರಲ್ಲಿ ಸಾರಿದ. ಯಾವ ಸರಕಾರಿ ಕಚೇರಿಯಲ್ಲೂ ಇದನ್ನು ಪರೀಕ್ಷಿಸಬಹುದು: ಮೇಜಿನ ಅಗಲ ಮುಖ್ಯವಲ್ಲ. 1785ರಲ್ಲಿ ಕೂಲಂಬ್ ಇನ್ನೊಂದು ಸೂಕ್ಷ್ಮ ಕಂಡ. ವಸ್ತು ನಿಂತಲ್ಲೇ ನಿಂತಷ್ಟು ಹೊತ್ತು ಅದನ್ನು ಕದಲಿಸುವುದು ಕಷ್ಟವಾಗುತ್ತ ಹೋಗುತ್ತದೆ. ಆತ ಸೇನೆಯ ಇಂಜಿನಿಯರಾಗಿದ್ದವನು, ಕಡತಗಳನ್ನು ನೋಡಿಯೇ ಇರುತ್ತಾನೆ.

ಕ್ರೌನಿನ ಹಲ್ಲೂ ಪಿನಿಯನ್ನಿನ ಹಲ್ಲೂ ಉರುಳುವುದಷ್ಟೇ ಅಲ್ಲ, ಒಂದರ ಮೇಲೊಂದು ಜಾರುತ್ತವೆ. ವೇಗವಿದ್ದರೆ ನಡುವೆ ಎಣ್ಣೆಯ ಪದರ ನಿಲ್ಲುತ್ತದೆ. ಭಾರ ಏರಿ ವೇಗ ಇಳಿದರೆ ಪದರ ಹಿಂಡಿ ಹೋಗುತ್ತದೆ. ಆಗ ಗಂಧಕವು ಕಾದ ಕಬ್ಬಿಣದೊಡನೆ ಕೂಡಿ ತೆಳ್ಳನೆಯ ಪೊರೆ ಕಟ್ಟುತ್ತದೆ. ಪೊರೆ ಸವೆಯುತ್ತದೆ, ಹಲ್ಲು ಉಳಿಯುತ್ತದೆ. ನಮ್ಮ ಕಚೇರಿಗಳಲ್ಲಿ ಈ ಗಂಧಕದ ಹುದ್ದೆ ಕನ್ನಡ ಬಲ್ಲ ಗುಮಾಸ್ತರದ್ದು. ಅರ್ಜಿ ಕನ್ನಡದಲ್ಲಿ ಬರುತ್ತದೆ. ಸಂವಿಧಾನದ 350ನೇ ವಿಧಿ ಅದಕ್ಕೆ ಅವಕಾಶ ಕೊಟ್ಟಿದೆ. ಓದಬಲ್ಲವರು ಕೂತಿರಬೇಕು ಎಂದು ಆ ವಿಧಿ ಹೇಳುವುದಿಲ್ಲ. ಟಿಪ್ಪಣಿ ಮಲೆಯಾಳದಲ್ಲಿ ಹೋಗುತ್ತದೆ. ನಡುವೆ ಗುಮಾಸ್ತರು ಸವೆಯುತ್ತಾರೆ. ಅವರಿಗೆ ತೆಂಕಣ ಜಿಲ್ಲೆಗೆ ವರ್ಗವಾದ ಮರುದಿನ ಲೋಹಕ್ಕೆ ಲೋಹ ತಾಗಿ ಸದ್ದು ಬರುತ್ತದೆ. ಪತ್ರಿಕೆಗಳು ಈ ಸದ್ದನ್ನು ಪ್ರತಿಭಟನೆ ಎಂದು ಬರೆಯುತ್ತವೆ. ಹಳೆಯ ಹೌಸಿಂಗಿನ ಸದ್ದು ಅಡಗಿಸಲು ವರ್ಕ್‌ಶಾಪಿನವರು ಒನ್‌ಫಾರ್ಟಿ, ಅಂದರೆ 140 ಅಂಕೆಯ ದಪ್ಪ ಎಣ್ಣೆ, ಹಾಕುವುದುಂಟು. ಸರಕಾರಗಳು ಸಮಿತಿ ಹಾಕುತ್ತವೆ. ಎರಡರಿಂದಲೂ ಹಲ್ಲು ಮತ್ತೆ ಬೆಳೆದದ್ದಿಲ್ಲ.

ಡಿಫರೆನ್ಶಿಯಲ್ ಇರುವುದೇ ತಿರುವಿನಲ್ಲಿ ಹೊರಚಕ್ರ ಹೆಚ್ಚು, ಒಳಚಕ್ರ ಕಡಿಮೆ ತಿರುಗಲಿ ಎಂದು. ಇದಕ್ಕೊಂದು ದುರ್ಗುಣ ಉಂಟು. ಒಂದು ಚಕ್ರ ಕೆಸರಿಗೆ ಬಿದ್ದರೆ ಅದೊಂದೇ ಗಿರಗಿರನೆ ತಿರುಗುತ್ತದೆ. ಗಟ್ಟಿ ನೆಲದ ಮೇಲಿನ ಚಕ್ರ ಅಲುಗುವುದಿಲ್ಲ. ಚಂದ್ರಗಿರಿ ಹೊಳೆಯ ಬಡಗಣ ಭಾಗ ಕನ್ನಡ ನಾಡಿಗೆ ಸೇರಬೇಕೆಂದು ಗಡಿ ವಿವಾದದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಅಂದಿನಿಂದ ಪ್ರತಿ ನವೆಂಬರದಲ್ಲಿ ಒಂದು ಚಕ್ರ ವೇದಿಕೆಗಳ ಮೇಲೆ ಬಹಳ ವೇಗವಾಗಿ ತಿರುಗುತ್ತದೆ. ಜೀಪು ಇದ್ದಲ್ಲೇ ಇದೆ. ಇದು ಎಣ್ಣೆಯ ದೋಷವಲ್ಲ, ಅಂಗಡಿಯವರಲ್ಲಿ ಜಗಳ ಮಾಡಬಾರದು.

ಮಳೆಗಾಲದ ಮಾತು ಬೇರೆ. ತೋಡು ದಾಟುವಾಗ ಕಾದ ಹೌಸಿಂಗು ಫಕ್ಕನೆ ತಣಿದು, ಉಸಿರುತೂತಿನಿಂದಲೋ ಸೀಲಿನ ಸಂದಿನಿಂದಲೋ ನೀರನ್ನು ಎಳೆದುಕೊಳ್ಳುತ್ತದೆ. ಎಣ್ಣೆ ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ತಿರುಗಿದರೆ ಯಾವ ದರ್ಜೆಯದ್ದಾದರೂ ಚೆಲ್ಲಬೇಕು. ದುಬೈಯದ್ದಾದರೂ.

ಇಷ್ಟನ್ನೂ ವಿವರಿಸಿದ ಮೇಲೆ ಗಿರಾಕಿಗಳು ಕೇಳುವುದು ಒಂದೇ: “ಅದೆಲ್ಲ ಇರ್ಲಿ ಮಾಷ್ಟ್ರೇ, ನೈಂಟಿಯೋ ಒನ್‌ಫಾರ್ಟಿಯೋ, ಅದೊಂದು ಹೇಳಿ.” ಉತ್ತರ ಜೀಪಿನೊಂದಿಗೆ ಕೊಟ್ಟ ಪುಸ್ತಕದಲ್ಲಿ ಉಂಟು. ಪುಸ್ತಕ ಎಲ್ಲಿ ಎಂದು ಕೇಳಿದರೆ ಯಾರೂ ಮಾತಾಡುವುದಿಲ್ಲ.

ಎಣ್ಣೆ ಬದಲಿಸುವ ಕ್ರಮ ಒಂದು ಬಾಕಿ ಇದೆ. ಮೊದಲು ಮೇಲಿನ, ಎಣ್ಣೆ ತುಂಬುವ ಪ್ಲಗ್ಗನ್ನು ಬಿಚ್ಚಬೇಕು. ಅದು ಬಿಚ್ಚಿತು ಎಂದು ಖಾತ್ರಿಯಾದ ಮೇಲೆಯೇ ಕೆಳಗಿನ ಪ್ಲಗ್ ಬಿಚ್ಚಿ ಹಳೆಯದನ್ನು ಹರಿಯಬಿಡುವುದು. ತಲೆಕೆಳಗು ಮಾಡಿ, ಮೇಲಿನದು ತುಕ್ಕು ಹಿಡಿದು ಕೂತಿದ್ದರೆ, ಹಳೆಯದೂ ಇಲ್ಲ, ಹೊಸದನ್ನು ಹಾಕಲು ದಾರಿಯೂ ಇಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ 1ರಂದು ಯಾವ ಪ್ಲಗ್ಗನ್ನು ಮೊದಲು ಬಿಚ್ಚಲಾಯಿತು ಎಂಬುದು ಈ ಲೇಖನದ ವ್ಯಾಪ್ತಿಗೆ ಬರುವುದಿಲ್ಲ.