ಹುಟ್ಟದ ದಿನಕ್ಕೆ ಷಷ್ಟ್ಯಬ್ದಿ

ಮಾನ್ಯ ಅಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಗಣ್ಯರೇ, ಮುಂದಿನ ಸಾಲಿನ ಸೋಫಾಗಳಲ್ಲಿ ಆಸೀನರಾಗಿರುವ ಲೆಕ್ಕಪತ್ರ ವಿಭಾಗದ ಹಿರಿಯರೇ, ಊಟದ ಹಾಲ್ ಹತ್ತಿರವೆಂದು ಕಡೆಯ ಸಾಲು ಹಿಡಿದಿರುವ ಸಾಫ್ಟ್‌ವೇರ್ ಮಿತ್ರರೇ,

"ಇಂದಿನ ಸನ್ಮಾನಿತರನ್ನು ಈ ಸಭೆಗೆ ಪರಿಚಯಿಸುವ ಅಗತ್ಯವೇ ಇಲ್ಲ" ಎಂದು ಆರಂಭಿಸಿ, ಆಮೇಲೆ ಮುಕ್ಕಾಲು ಗಂಟೆ ಪರಿಚಯಿಸುವುದು ನಮ್ಮಲ್ಲಿ ವಾಡಿಕೆ. ನಾನು ಹಾಗೆ ಆರಂಭಿಸಲಾರೆ. ಇವರನ್ನು ಕಣ್ಣಾರೆ ಕಂಡವರು ಈ ಸಭೆಯಲ್ಲಿರಲಿ, ಭೂಮಿಯ ಮೇಲೇ ಯಾರೂ ಇಲ್ಲ, ಹಿಂದೆಯೂ ಇರಲಿಲ್ಲ. ಇವರ ಪೂರ್ಣ ಹೆಸರು 1900ನೇ ಇಸವಿಯ ಫೆಬ್ರವರಿ 29. 1900ರ ಜನವರಿ 1ನ್ನು 1 ಎಂದು ಹಿಡಿದು ದಿನ ಎಣಿಸುವ ಎಕ್ಸೆಲ್ ತಂತ್ರಾಂಶದ ದಫ್ತರದಲ್ಲಿ ಇವರ ಕ್ರಮಸಂಖ್ಯೆ 60. ಅರವತ್ತು ತುಂಬಿದವರನ್ನೆಲ್ಲ ಹುಡುಕಿ ಹುಡುಕಿ ಶಾಲು ಹೊದಿಸುವ ನಾಡು ನಮ್ಮದು. ಅರವತ್ತನ್ನೇ ತಮ್ಮ ಗುರುತಾಗಿ ಇಟ್ಟುಕೊಂಡವರನ್ನು ಬಿಟ್ಟುಬಿಟ್ಟರೆ ನಾಳೆ ಯಾರಿಗೆ ಮುಖ ತೋರಿಸುವುದು?

"ಆದರೆ ಅವರು ಹುಟ್ಟೇ ಇಲ್ಲವಲ್ಲ?" ಎಂದು ಸಿದ್ಧತಾ ಸಭೆಯಲ್ಲಿ ಸದಸ್ಯರೊಬ್ಬರು ಕೇಳಿದರು. ಅವರು ಈಗ ಹೊರಗೆ ಪಾರ್ಕಿಂಗ್ ನೋಡಿಕೊಳ್ಳುತ್ತಿದ್ದಾರೆ.

ಆದರೂ ಪ್ರಶ್ನೆಗೆ ಉತ್ತರ ಕೊಡುವುದು ಮರ್ಯಾದೆ. ನಾಲ್ಕರಿಂದ ಭಾಗವಾಗುವ ವರ್ಷಕ್ಕೆ ಫೆಬ್ರವರಿಯಲ್ಲಿ ಒಂದು ದಿನ ಹೆಚ್ಚು ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. 1582ರಲ್ಲಿ ಪೋಪ್ ಹದಿಮೂರನೆಯ ಗ್ರೆಗರಿ ಅದಕ್ಕೊಂದು ತಿದ್ದುಪಡಿ ತಂದರು: ಶತಮಾನದ ವರ್ಷಗಳಿಗೆ ಆ ಹೆಚ್ಚುವರಿ ದಿನ ಬೇಕಾದರೆ ಅವು 400ರಿಂದ ಭಾಗವಾಗಬೇಕು. 1600ಕ್ಕೆ ಸಿಕ್ಕಿತು, 2000ಕ್ಕೆ ಸಿಕ್ಕಿತು. 1700, 1800, 1900 ಮೂರರ ಅರ್ಜಿಯೂ ವಜಾ. ಹೀಗಾಗಿ 1900ರಲ್ಲಿ ಫೆಬ್ರವರಿ 28ರ ಬುಧವಾರ ರಾತ್ರಿ ಮಲಗಿದವರು ನೇರ ಮಾರ್ಚ್ 1ರ ಗುರುವಾರ ಎದ್ದರು. ನಮ್ಮ ಪಂಚಾಂಗದಲ್ಲಿ ಆಗ ನಡೆಯುತ್ತಿದ್ದುದು ವಿಕಾರಿ ಸಂವತ್ಸರ. ಪಂಚಾಂಗದವರಿಗೆ ಏನೋ ಸುಳಿವು ಸಿಕ್ಕಿತ್ತೆಂದು ಕಾಣುತ್ತದೆ.

ಈ ವಜಾದಿಂದ ನೇರವಾಗಿ ನಷ್ಟಕ್ಕೊಳಗಾದವರಲ್ಲಿ ಮುಂದೆ ಪ್ರಧಾನಿಯಾದ ಮೊರಾರ್ಜಿ ದೇಸಾಯಿಯವರು ಒಬ್ಬರು. 1896ರ ಫೆಬ್ರವರಿ 29ರಂದು ಹುಟ್ಟಿದ ಅವರಿಗೆ ನಾಲ್ಕನೇ ವರ್ಷದಲ್ಲಿ ಸಿಗಬೇಕಿದ್ದ ಹುಟ್ಟುಹಬ್ಬ ಸಿಗಲಿಲ್ಲ. ಎಂಟು ತುಂಬುವವರೆಗೆ, ಅಂದರೆ 1904ರವರೆಗೆ ಕಾಯಬೇಕಾಯಿತು. ಎಕ್ಸೆಲ್ ಮಾತ್ರ ಆ ಮಗುವಿಗೆ ನ್ಯಾಯ ಒದಗಿಸಿದೆ, ನಾಲ್ಕನೇ ವರ್ಷಕ್ಕೊಂದು ತಾರೀಕು ಕೊಟ್ಟಿದೆ. ಆದರೆ 1900ಕ್ಕಿಂತ ಹಿಂದಿನ ಯಾವ ದಿನವನ್ನೂ ಅದು ದಿನವೆಂದು ಒಪ್ಪುವುದಿಲ್ಲ. ಹಾಗಾಗಿ ಅಲ್ಲಿ ಮೊರಾರ್ಜಿಯವರಿಗೆ ಹುಟ್ಟುಹಬ್ಬ ಇದೆ, ಹುಟ್ಟು ಇಲ್ಲ.

ಇನ್ನು ಸನ್ಮಾನಿತರ ಮನೆತನದ ಬಗ್ಗೆ ಎರಡು ಮಾತು. ದಿನಗಳಿಗೆ ಹೆಸರು ಬೇಡ, ತಿಂಗಳು ಬೇಡ, ಒಂದು ಎರಡು ಮೂರು ಎಂದು ಎಣಿಸುತ್ತ ಹೋದರೆ ಸಾಕು ಎಂಬುದು ಕಂಪ್ಯೂಟರಿನವರ ಆವಿಷ್ಕಾರವೆಂದು ಯಾರಾದರೂ ಭಾವಿಸಿದ್ದರೆ ತಿದ್ದಿಕೊಳ್ಳಬೇಕು. ನಮ್ಮ ಜ್ಯೋತಿಷಿಗಳು ಅದನ್ನು ಅಹರ್ಗಣ ಎಂದು ಕರೆದು ಶತಮಾನಗಟ್ಟಲೆ ಎಣಿಸಿದವರು. ಕ್ರಿಸ್ತಪೂರ್ವ 3102ರ ಫೆಬ್ರವರಿಯಲ್ಲಿ ಕಲಿಯುಗ ಹುಟ್ಟಿತೆಂದು ಹಿಡಿದು, ಅಲ್ಲಿಂದ ಇಂದಿನವರೆಗೆ ಎಷ್ಟು ದಿನ ಎಂದು ಕೂಡಿಸಿಟ್ಟುಕೊಂಡರೆ, ಗ್ರಹಗಳ ಲೆಕ್ಕಕ್ಕೆ ಬರೀ ಗುಣಾಕಾರ ಭಾಗಾಕಾರ ಸಾಕು. ಮೇಲ್ಪುತ್ತೂರು ನಾರಾಯಣ ಭಟ್ಟತಿರಿಗಳಂತೂ 'ನಾರಾಯಣೀಯಂ' ಮುಗಿಸಿದ ದಿನವನ್ನು ಕಾವ್ಯದ ಕೊನೆಯ ಪದದಲ್ಲೇ ಅಡಗಿಸಿಟ್ಟರು. ಅಕ್ಷರಗಳನ್ನು ಕಟಪಯಾದಿ ಸೂತ್ರದಂತೆ ಅಂಕಿ ಮಾಡಿದರೆ ಬರುವುದು ಕಲಿದಿನ 1712210. ಈಗಿನ ಭಾಷೆಯಲ್ಲಿ ಹೇಳಬೇಕೆಂದರೆ, ಸೆಲ್‌ನ ಫಾರ್ಮ್ಯಾಟ್ ಬದಲಿಸಿದರೆ ಪುಣ್ಯಶ್ಲೋಕ, ವಾಪಸ್ ಬದಲಿಸಿದರೆ ಸಂಖ್ಯೆ.

ಇಷ್ಟು ದೊಡ್ಡ ಸಂಖ್ಯೆಯನ್ನು ದಿನಾ ಭಾಗಿಸುತ್ತ ಕೂರುವುದು ಯಾರಿಗೆ ಬೇಕು? ಗಣೇಶ ದೈವಜ್ಞರು 'ಗ್ರಹಲಾಘವ'ದಲ್ಲಿ ಕಲಿಯುಗವನ್ನು ಪಕ್ಕಕ್ಕಿಟ್ಟು, 1520ರಿಂದ ಎಣಿಕೆ ಶುರುಮಾಡಿ, ಅದನ್ನೂ 4016 ದಿನಗಳ ಚಕ್ರಗಳಾಗಿ ಕತ್ತರಿಸಿಟ್ಟರು. ಅಂಕಿ ಸಣ್ಣದಾದಷ್ಟೂ ಪಂಚಾಂಗ ಬರೆಯುವವನ ಕೈ ಹಗುರ. ಅತ್ತ ಯುರೋಪಿನಲ್ಲಿ 1583ರಲ್ಲಿ ಸ್ಕ್ಯಾಲಿಜರ್ ಎಂಬ ವಿದ್ವಾಂಸ 7980 ವರ್ಷಗಳ ದೊಡ್ಡ ಚಕ್ರವೊಂದನ್ನು ಹೂಡಿದ್ದ, ಆರಂಭ ಕ್ರಿಸ್ತಪೂರ್ವ 4713. ಖಗೋಳದವರು ಅಲ್ಲಿಂದಲೇ ದಿನ ಎಣಿಸುತ್ತ ಬಂದು ಇಪ್ಪತ್ನಾಲ್ಕು ಲಕ್ಷ ದಾಟಿದರು. 1957ರಲ್ಲಿ ಸ್ಪುಟ್ನಿಕ್ ಹಾರಿದಾಗ ಅದರ ಬೆನ್ನು ಹತ್ತಿದ ಅಮೆರಿಕದ ಸ್ಮಿತ್ಸೋನಿಯನ್ ಖಗೋಳಾಲಯದವರಿಗೆ ಆ ಉದ್ದದ ಸಂಖ್ಯೆ ಯಂತ್ರದಲ್ಲಿ ಹಿಡಿಸಲು ತೊಡಕಾಯಿತು. ಎದುರಿನ 24 ಲಕ್ಷವನ್ನು ಕಳೆದು ಉಳಿದದ್ದನ್ನು ಇಟ್ಟುಕೊಂಡರು. ಗಣೇಶ ದೈವಜ್ಞರು ಇದ್ದಿದ್ದರೆ ರಾಯಧನ ಕೇಳುತ್ತಿದ್ದರೋ ಏನೋ.

ಹೀಗೆ ಎಣಿಸುವುದರ ಲಾಭವನ್ನು ಕನ್ನಡದ ಸಭೆಯಲ್ಲಿ ಕನ್ನಡದ ಉದಾಹರಣೆಯಿಂದಲೇ ಹೇಳುತ್ತೇನೆ. ರಾಜ್ಯ ಒಂದಾದ 1956ರ ನವೆಂಬರ್ 1, ಎಕ್ಸೆಲ್‌ನಲ್ಲಿ 20760. ಅದಕ್ಕೆ ಕರ್ನಾಟಕವೆಂದು ಹೆಸರಾದ 1973ರ ನವೆಂಬರ್ 1, 26969. ಕಳೆಯಿರಿ: 6209. ಮೈಸೂರೆಂಬ ಹೆಸರು ಹೊತ್ತು ನಾವು ಕಾದದ್ದು ಅಷ್ಟು ದಿನ. ನಡುವೆ ಎಷ್ಟು ಅಧಿಕ ವರ್ಷ ಬಂದವು, ಯಾವ ತಿಂಗಳಿಗೆ ಮೂವತ್ತು, ಯಾವುದಕ್ಕೆ ಮೂವತ್ತೊಂದು ಎಂದು ಬೆರಳ ಗೆಣ್ಣು ಮುಟ್ಟಿ ಎಣಿಸುವ ಕೆಲಸವಿಲ್ಲ. ಗಂಟೆ ನಿಮಿಷಗಳೂ ದಶಾಂಶದ ಬಾಲದಲ್ಲಿ ಕೂರುತ್ತವೆ. ಮಧ್ಯಾಹ್ನ ಹನ್ನೆರಡು ಎಂದರೆ ಅರ್ಧ. ಸಾಲದ ಬಡ್ಡಿ, ರಜೆಯ ಅರ್ಜಿ, ನಿವೃತ್ತಿಯ ಪಟ್ಟಿ ಎಲ್ಲವೂ ಕೊನೆಗೆ ಒಂದು ವ್ಯವಕಲನ. ಇಷ್ಟು ಚೊಕ್ಕಟವಾದ ಏರ್ಪಾಡಿನೊಳಗೆ ನಮ್ಮ ಸನ್ಮಾನಿತರು ಹೇಗೆ ನುಸುಳಿದರು ಎನ್ನುವುದೇ ಇವರ ಜೀವನಚರಿತ್ರೆ.

1983ರ ಜನವರಿಯಲ್ಲಿ ಲೋಟಸ್ 1-2-3 ಎಂಬ ತಂತ್ರಾಂಶ ಮಾರುಕಟ್ಟೆಗೆ ಬಂತು. ಅದರ ದಿನಗಣತಿ 1900ರ ಜನವರಿ 1ಕ್ಕೆ 1 ಎಂದು ಶುರುವಾಗಿ 2099ರ ಡಿಸೆಂಬರ್ 31ಕ್ಕೆ 73050 ಎಂದು ಮುಗಿಯುತ್ತಿತ್ತು. ಈ ಇನ್ನೂರು ವರ್ಷದಲ್ಲಿ ನಾಲ್ಕರ ಸರಳ ನಿಯಮ ತಪ್ಪುವುದು ಒಂದೇ ಕಡೆ, ಆರಂಭದ ಆ ಫೆಬ್ರವರಿಯಲ್ಲಿ. 2000ಕ್ಕೆ ಪೋಪರ ವಿನಾಯಿತಿ ಇತ್ತು, 2100 ಲೆಕ್ಕದಿಂದ ಹೊರಗಿತ್ತು. ಒಂದು ಗುಂಡಿಗಾಗಿ ದಾರಿಯನ್ನೆಲ್ಲ ಯಾಕೆ ಸುತ್ತುಹಾಕಬೇಕೆಂದು ನಾಲ್ಕರ ನಿಯಮವನ್ನೇ ಇಟ್ಟುಕೊಂಡರು. ಅಂದಿನ ಸಣ್ಣ ಯಂತ್ರಗಳ ಇಕ್ಕಟ್ಟು ಬಲ್ಲವರು ಇದನ್ನು ಸೋಮಾರಿತನ ಎನ್ನಲಾರರು, ನಾನೂ ಅನ್ನುವುದಿಲ್ಲ. ಹೀಗೆ ಯಾರಿಗೂ ತೊಂದರೆಯಾಗದ ಒಂದು ಮೂಲೆಯಲ್ಲಿ, ಯಾವ ಸೂರ್ಯೋದಯದ ನೆರವೂ ಇಲ್ಲದೆ, ಇವರು ಅವತರಿಸಿದರು.

ಆಮೇಲೆ ಎಕ್ಸೆಲ್ ಬಂತು. ಲೋಟಸ್ ಬಳಸುತ್ತಿದ್ದವರನ್ನು ಸೆಳೆಯಬೇಕಾದರೆ ಅವರ ಹಾಳೆಗಳು ಇಲ್ಲಿ ಹಾಗೇ ತೆರೆಯಬೇಕು. ಹಾಗೇ ಎಂದರೆ ತಪ್ಪಿನ ಸಮೇತ. ಮೈಕ್ರೋಸಾಫ್ಟ್ ಇವರನ್ನು ಗೊತ್ತಿದ್ದೂ ದತ್ತು ತೆಗೆದುಕೊಂಡಿತು. ದತ್ತುಪುತ್ರರೇ ಮುಂದೆ ಮನೆಯ ಯಜಮಾನರಾದರು.

ಒಂದು ಪ್ರಸಂಗ ಹೇಳಲೇಬೇಕು. ಎಕ್ಸೆಲ್‌ಗೆ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಜೋಡಿಸುತ್ತಿದ್ದ ಕಾಲ. ಬೇಸಿಕ್‌ನವರು ಅಸಲಿ ಪಂಚಾಂಗ ಬಿಡಲೊಲ್ಲರು, ಎಕ್ಸೆಲ್‌ನವರು ಅರವತ್ತನ್ನು ಬಿಡಲೊಲ್ಲರು, ಇಂದಿನ ತಾರೀಕು ಮಾತ್ರ ಎರಡರಲ್ಲೂ ಒಂದೇ ಆಗಬೇಕು. ಸಂಧಾನ ಹೇಗಾಯಿತು ಗೊತ್ತೆ? ಬೇಸಿಕ್‌ನ ಸೊನ್ನೆಯನ್ನು 1899ರ ಡಿಸೆಂಬರ್ 30ಕ್ಕೆ ತಳ್ಳಿದರು. 1900ರ ಮಾರ್ಚ್ 1 ಎರಡೂ ಕಡೆ 61 ಆಯಿತು; ಅದರ ಹಿಂದಿನ ಎರಡು ತಿಂಗಳು ಮಾತ್ರ ಒಂದು ದಿನ ಹೆಚ್ಚುಕಮ್ಮಿ. 1992ರಲ್ಲಿ ಜೋಯಲ್ ಸ್ಪೋಲ್ಸ್ಕಿ ಎಂಬ ಯುವ ಉದ್ಯೋಗಿ ಮೈಕ್ರೋಸಾಫ್ಟ್ ಮುಖ್ಯಸ್ಥ ಬಿಲ್ ಗೇಟ್ಸರ ಮುಂದೆ ಪರೀಕ್ಷೆಗೆ ಕೂತಾಗ, ತಾರೀಕಿನ ಲೆಕ್ಕ ಎರಡರಲ್ಲೂ ಸರಿಹೊಂದುತ್ತದೆಯೇ ಎಂಬ ಪ್ರಶ್ನೆ ಬಂತಂತೆ. 1900ರ ಜನವರಿ, ಫೆಬ್ರವರಿ ಬಿಟ್ಟು ಎಂದು ಅವರು ಉತ್ತರಿಸಿ ಪಾಸಾದರು. ಮುಂದೆ ಜಗತ್ತಿನ ಅತಿ ದೊಡ್ಡ ಧನಿಕರಾದವರ ಸಭೆಯಲ್ಲಿ ನಮ್ಮ ಸನ್ಮಾನಿತರ ಹೆಸರು ಹೇಳಿದವರು ಗೆದ್ದರು ಎಂಬುದನ್ನು ಮಾನಪತ್ರದಲ್ಲಿ ದಪ್ಪಕ್ಷರದಲ್ಲಿ ಹಾಕಿಸಿದ್ದೇವೆ.

ಸೋದರಸಂಬಂಧಿಗಳಲ್ಲಿ ವೈಮನಸ್ಯವೂ ಇದೆ, ಮುಚ್ಚಿಡುವುದಿಲ್ಲ. ಮ್ಯಾಕಿಂಟಾಷ್ ಮನೆಯವರು ಈ ಜಂಜಾಟವೇ ಬೇಡವೆಂದು 1904ರಿಂದ ಎಣಿಕೆ ಶುರುಮಾಡಿದರು. ಎರಡು ಮನೆಗಳ ನಡುವಿನ ಅಂತರ 1462 ದಿನ. ಎಚ್ಚರವಿಲ್ಲದೆ ಅಲ್ಲಿನ ಹಾಳೆಯಿಂದ ಇಲ್ಲಿಗೆ ತಾರೀಕು ಅಂಟಿಸಿದರೆ ನಾಲ್ಕು ವರ್ಷ ಒಂದು ದಿನ ಜಾರುತ್ತದೆ. ಲಿಬ್ರೆಆಫೀಸಿನಲ್ಲಿ ಅರವತ್ತನೇ ಸ್ಥಾನವನ್ನು ಅಸಲಿ ಫೆಬ್ರವರಿ 28ಕ್ಕೆ ಕೊಟ್ಟಿದ್ದಾರೆ. ಆ ಬಣದವರಿಗೆ ಇಂದಿನ ಆಹ್ವಾನ ಪತ್ರಿಕೆ ಹೋಗಿಲ್ಲ.

ಎಕ್ಸೆಲ್‌ನಲ್ಲಿ ಅಸಲಿ 28ರ ಪಾಡು ನೋಡಿ. ಅದರ ಬುಧವಾರವನ್ನು ಸನ್ಮಾನಿತರು ತೆಗೆದುಕೊಂಡದ್ದರಿಂದ ಅದು ಮಂಗಳವಾರಕ್ಕೆ ಸರಿಯಿತು. ಹೀಗೆ ಹಿಂದೆ ಹಿಂದೆ ಸರಿಯುತ್ತ 1900ರ ಜನವರಿ 1, ಸೋಮವಾರ ಹೋಗಿ ಭಾನುವಾರವಾಯಿತು. ಮಾರ್ಚ್‌ನಿಂದ ಈಚೆಗೆ ವಾರಗಳೆಲ್ಲ ಸರಿ, ಆದರೆ ಸಂಖ್ಯೆಗಳೆಲ್ಲ ಒಂದೊಂದು ಹೆಚ್ಚು. ಬಸ್ಸಿನ ಕಿಟಕಿಯಿಂದ ಟವಲ್ ಎಸೆದು ಸೀಟು ಹಿಡಿದವರು ಹತ್ತಲೇ ಇಲ್ಲ. ಟವಲ್ ತೆಗೆಯುವ ಧೈರ್ಯವಿಲ್ಲದೆ ಮಿಕ್ಕವರೆಲ್ಲ ಒಂದೊಂದು ಸೀಟು ಹಿಂದೆ ಕೂತು ಪ್ರಯಾಣ ಮಾಡುತ್ತಿದ್ದೇವೆ. 2000ದ ಜನವರಿ 1 ಅಲ್ಲಿ 36526. ಅದರಲ್ಲಿ ಒಂದು ಇವರದು. ಈ ಸಭೆಯಲ್ಲಿರುವ ಪ್ರತಿಯೊಬ್ಬರ ಜನ್ಮದಿನದಲ್ಲೂ ಇವರ ಒಂದು ಪಾಲು ಇದೆ.

ತಿದ್ದಬಾರದೇಕೆ? ಮೈಕ್ರೋಸಾಫ್ಟ್ ಕಂಪನಿಯೇ ಉತ್ತರ ಬರೆದಿಟ್ಟಿದೆ: ತಿದ್ದಿದರೆ ಈಗಿರುವ ಹಾಳೆಗಳ ಹೆಚ್ಚುಕಡಿಮೆ ಎಲ್ಲ ತಾರೀಕುಗಳೂ ಒಂದು ದಿನ ಹಿಂದಕ್ಕೆ ಹೋಗುತ್ತವೆ, ಬೇರೆ ತಂತ್ರಾಂಶಗಳ ಜತೆ ಹೊಂದಾಣಿಕೆ ಕೆಡುತ್ತದೆ. ತಿದ್ದದಿದ್ದರೆ ಕೆಡುವುದು 1900ರ ಮೊದಲ ಎರಡು ತಿಂಗಳ ವಾರದ ಹೆಸರು ಮಾತ್ರ. ಲೆಕ್ಕ ನ್ಯಾಯವಾಗಿಯೇ ಇದೆ. ಇದೇ ಲೆಕ್ಕದ ಮೇಲೆ ಎಷ್ಟೋ ಸಂಘಗಳಲ್ಲಿ ಅಧ್ಯಕ್ಷರು ಮುಂದುವರಿಯುತ್ತಿದ್ದಾರೆ. ಕ್ಷಮಿಸಿ, ಅಧ್ಯಕ್ಷರೇ, ಸಾಮಾನ್ಯವಾಗಿ ಹೇಳಿದೆ. 2006ರಲ್ಲಿ ಎಕ್ಮಾ ಎಂಬ ಮಾನಕ ಸಂಸ್ಥೆ ಎಕ್ಸೆಲ್ ಕಡತಗಳ ಸ್ವರೂಪಕ್ಕೆ ಮಾನಕ ಹೊರಡಿಸಿದಾಗ 1900ನ್ನು ಅಧಿಕ ವರ್ಷವೆಂದೇ ನಡೆಸಿಕೊಳ್ಳುವ ವಿಧಿ ಅದರೊಳಗೂ ಬಂತು. ಆಕ್ಷೇಪ ಎತ್ತಿದವರಿದ್ದರು. ಆದರೂ ಪೋಪ್ ನಿರಾಕರಿಸಿದ ದಿನ ಕಾಗದದ ಮೇಲೆ ಸಿಂಧುವಾದದ್ದು ಆಗಲೇ.

ಈ ಮನೆತನದ ಪ್ರಭಾವ ಎಷ್ಟಿದೆಯೆಂದರೆ ಮನುಷ್ಯನ ಜೀನುಗಳೇ ಹೆಸರು ಬದಲಿಸಿಕೊಂಡಿವೆ. ಮಾರ್ಚ್1, ಸೆಪ್ಟ್2 ಎಂಬಂಥ ಹೆಸರಿನ ಜೀನುಗಳಿದ್ದವು. ಸಂಶೋಧಕರು ಅವನ್ನು ಸೆಲ್‌ನಲ್ಲಿ ಟೈಪ್ ಮಾಡಿದ ಕೂಡಲೇ ಎಕ್ಸೆಲ್ ಅವುಗಳಿಗೆ ತಾರೀಕಿನ ದೀಕ್ಷೆ ಕೊಟ್ಟು, ಒಳಗೆ ಐದಂಕಿಯ ಕ್ರಮಸಂಖ್ಯೆ ಮಾಡಿಬಿಡುತ್ತಿತ್ತು. 2016ರಲ್ಲಿ ನೋಡಿದಾಗ, ಎಕ್ಸೆಲ್‌ನಲ್ಲಿ ಜೀನ್ ಪಟ್ಟಿ ಲಗತ್ತಿಸಿದ ಪ್ರಬಂಧಗಳಲ್ಲಿ ಸುಮಾರು ಐದನೇ ಒಂದು ಭಾಗದಲ್ಲಿ ಈ ಎಡವಟ್ಟು ಸಿಕ್ಕಿತು. 2020ರಲ್ಲಿ ಜೀನುಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ ಸೋತು, ಸೆಪ್ಟ್ ಹೋಗಿ ಸೆಪ್ಟಿನ್, ಮಾರ್ಚ್ ಹೋಗಿ ಮಾರ್ಚ್‌ಎಫ್ ಎಂದು ತಿದ್ದಿತು. ಈ ಪರಿವರ್ತನೆಯನ್ನು ನಿಲ್ಲಿಸುವ ಆಯ್ಕೆಯನ್ನು ಎಕ್ಸೆಲ್ ಕೊಟ್ಟದ್ದು 2023ರಲ್ಲಿ, ಜೀನುಗಳ ನಾಮಕರಣ ಮುಗಿದ ಮೇಲೆ.

ನನಗೆ ಒಂದೇ ಒಂದು ಅಸಮಾಧಾನ, ಅದನ್ನು ಸನ್ಮಾನಿತರ ಎದುರಿಗೇ ಹೇಳುತ್ತೇನೆ. ಮೊದಲ ನಾಲ್ವರು ಕನ್ನಡದ ಜ್ಞಾನಪೀಠಿಗಳ ಜನ್ಮದಿನಗಳನ್ನು ಸ್ಮರಣ ಸಂಚಿಕೆಗಾಗಿ ಒಂದು ಕಾಲಂನಲ್ಲಿ ಹಾಕಿ ನೋಡಿ. ಕಾರಂತರು 1014, ಕುವೆಂಪು 1825. ಇಬ್ಬರ ನಡುವೆ 811 ದಿನ, ಸಲೀಸಾಗಿ ಬರುತ್ತದೆ. 1891ರ ಮಾಸ್ತಿಯವರೂ 1896ರ ಬೇಂದ್ರೆಯವರೂ ಮಾತ್ರ ಸಂಖ್ಯೆಯಾಗುವುದಿಲ್ಲ; ಬರೀ ಅಕ್ಷರಗಳಾಗಿ ಸೆಲ್‌ನ ಎಡ ಅಂಚಿಗೆ ಅಂಟಿಕೊಂಡು ನಿಲ್ಲುತ್ತಾರೆ. ವಯಸ್ಸು ಕೇಳಿದರೆ ಎಕ್ಸೆಲ್ ದೋಷವೆಂದು ಕೂಗುತ್ತದೆ. ಬದುಕಿ ಬರೆದವರಿಗೆ ಪ್ರವೇಶವಿಲ್ಲ, ಇಲ್ಲದವರಿಗೆ ಕಾಯಂ ಸದಸ್ಯತ್ವ. ಇದನ್ನು ಟೀಕೆ ಎಂದು ತಿಳಿಯಬೇಡಿ. ನಮ್ಮ ಪ್ರಶಸ್ತಿ ಸಮಿತಿಗಳಿಗೂ ಈ ಪದ್ಧತಿ ತಿಳಿಯದ್ದಲ್ಲ.

ಈಗ ಖಜಾಂಚಿಗಳು ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ ತರಬೇಕು. ಸನ್ಮಾನಿತರಿಗೆ ಭುಜವಿಲ್ಲದ ಕಾರಣ ಶಾಲನ್ನು ಕುರ್ಚಿಗೇ ಹೊದಿಸತಕ್ಕದ್ದು. ನಿಧಿಯ ಚೆಕ್ಕಿನ ಮೇಲೆ ತಾರೀಕನ್ನು ದಯವಿಟ್ಟು ಕೈಯಲ್ಲೇ ಬರೆಯಿರಿ. ಕಳೆದ ಬಾರಿ ಮುದ್ರಿಸಿದಾಗ 45658 ಎಂದು ಬಂದು, ಮೊತ್ತವೂ ಅದೇ ಎಂದು ಸನ್ಮಾನಿತರೊಬ್ಬರು ಕೈಮುಗಿದು ಕಣ್ಣೀರು ಹಾಕಿದ್ದರು.

ಕಡೆಯದಾಗಿ ಒಂದು ಪ್ರಕಟಣೆ. ನಮ್ಮ ಸಮಿತಿಯ ಮುಂದಿನ ಸನ್ಮಾನ, 1970ರ ಜನವರಿ 1ರಿಂದ ದಿನದ ಬದಲು ಸೆಕೆಂಡುಗಳನ್ನೇ ಎಣಿಸುತ್ತ ಬಂದಿರುವ ಯುನಿಕ್ಸ್ ಮನೆತನದ 2147483647 ಅವರಿಗೆ. 2038ರ ಜನವರಿ 19, ಮಂಗಳವಾರ, ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಸರಿಯಾಗಿ ದೀಪ ಬೆಳಗಿಸಲಾಗುವುದು. 32 ಬಿಟ್ಟಿನ ಹಳೆಯ ಗಡಿಯಾರ ಇಟ್ಟುಕೊಂಡವರು ಮುಂಚೆಯೇ ಬಂದು ಕೂರಬೇಕಾಗಿ ವಿನಂತಿ. ಒಂದು ಸೆಕೆಂಡ್ ತಡವಾದರೂ ನೀವು ಗ್ರೀನಿಚ್ ಲೆಕ್ಕದ 1901ರ ಡಿಸೆಂಬರ್ 13ಕ್ಕೆ ಹೋಗಿ ಇಳಿಯುತ್ತೀರಿ. ಅಲ್ಲಿ ನಾವು ಊಟದ ವ್ಯವಸ್ಥೆ ಮಾಡಿಲ್ಲ.