ಮಾವನ ಮನೆಯ ಬೀಟೆ

ದೀಪಾವಳಿಗೆಂದು ಮಾವನ ಮನೆಗೆ ಹೋದ ಅಳಿಯನಿಗೆ ಮಾಡಲು ಕೆಲಸವಿರುವುದಿಲ್ಲ. ನನ್ನ ಅನಾಹುತಕ್ಕೆ ಮೂಲ ಅದೇ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಹೊರಗೆ ಕೊಯ್ಲಿನ ತಯಾರಿ, ಒಳಗೆ ಅತ್ತೆಯ ಕಜ್ಜಾಯದ ಪಾಕ. ಎಲ್ಲಿ ಕೂತರೂ ಯಾರದೋ ಕಾಲಿಗೆ ತೊಡರುತ್ತಿದ್ದೆ. ಹಾಗೆ ಸರಿಯುತ್ತಾ ಸರಿಯುತ್ತಾ ಹಬ್ಬಕ್ಕೆ ಎರಡು ದಿನ ಮೊದಲು ಸೌದೆ ಕೊಟ್ಟಿಗೆ ತಲುಪಿದೆ.

ಬರಿಗೈಯಲ್ಲಿ ಹೋಗಿರಲಿಲ್ಲ. ಜೇಬಿನಲ್ಲೊಂದು ಹತ್ತು ಪಟ್ಟಿನ ಮಸೂರವಿತ್ತು. ಆ ತಿಂಗಳಷ್ಟೇ ನಾನು ಅಮೆರಿಕದ ಆರ್ಥರ್ ಕೋಹ್ಲರ್ ಬಗ್ಗೆ ಓದಿದ್ದೆ. 1932ರಲ್ಲಿ ವಿಮಾನವೀರ ಲಿಂಡ್‌ಬರ್ಗ್ ಅವರ ಮಗುವನ್ನು ಕದ್ದವನು ಬಿಟ್ಟುಹೋದ ಮರದ ಏಣಿಯನ್ನು ಪರೀಕ್ಷಿಸಿ, ಅದರ ಒಂದು ಪಟ್ಟಿ ಆರೋಪಿಯ ಅಟ್ಟದ ಹಲಗೆಯಿಂದಲೇ ಬಂದದ್ದು ಎಂದು 1935ರ ವಿಚಾರಣೆಯಲ್ಲಿ ಸಾಕ್ಷಿ ಹೇಳಿದ ಮರತಜ್ಞ ಆತ. ಅವನಿಗೆ ಒಂದು ಏಣಿ ಸಾಕಾಯಿತು, ನನಗೆ ಮೂರು ಗಾಡಿ ಸೌದೆ ಸಿಕ್ಕಿದೆ ಎಂದುಕೊಂಡೆ. ಅರ್ಹತೆಯ ಮಾತಿಗೆ ಬಂದರೆ, ಬೆಂಗಳೂರಿನಲ್ಲಿ ನಮ್ಮ ಮನೆಯಿರುವುದು ಮಲ್ಲೇಶ್ವರದ ಮರ ವಿಜ್ಞಾನ ಸಂಸ್ಥೆಗೆ ಹತ್ತಿರ. ಅಲ್ಲಿ ನೂರಾರು ಜಾತಿಯ ಮರದ ತುಂಡುಗಳ ಸಂಗ್ರಹವಿದೆ. ದಿನಾ ಬೆಳಿಗ್ಗೆ ಅದರ ಗೇಟಿನ ಮುಂದೆ ವಾಕಿಂಗ್ ಹೋಗುತ್ತೇನೆ.

ಸೀಳಿದ ಸೌದೆ ನೋಡಿ ಮರ ಯಾವುದೆಂದು ಹೇಳುವುದು ಸುಲಭವಲ್ಲ. ಎಲೆ, ಹೂವು, ಕಾಯಿ ಎಲ್ಲ ಕಾಡಿನಲ್ಲೇ ಉಳಿದಿರುತ್ತವೆ. ಕೊಡಲಿಯಿಂದ ಸೀಳಿದ ಮೈಯಲ್ಲಿ ಸಿಬಿರೇ ಹೊರತು ಏನೂ ಕಾಣುವುದಿಲ್ಲ. ಕೊಯ್ದ ತುದಿಯನ್ನು ಬ್ಲೇಡಿನಿಂದ ನುಣ್ಣಗೆ ಹೆರೆದು, ಒದ್ದೆ ಮಾಡಿ, ಮಸೂರವನ್ನು ಕಣ್ಣಿಗೊತ್ತಿ ನೋಡಬೇಕು. ಮರ ನೀರು ಸಾಗಿಸಿದ ಕೊಳವೆಗಳು ಆಗ ಸೂಜಿ ಚುಚ್ಚಿದ ತೂತುಗಳ ಹಾಗೆ ಕಾಣುತ್ತವೆ. ಸಾಗುವಾನಿಯಲ್ಲಿ ದೊಡ್ಡ ತೂತುಗಳು ಉಂಗುರದಂತೆ ಸಾಲುಗಟ್ಟಿರುತ್ತವೆ. ಮಲೆನಾಡಿನ ಹೆಚ್ಚಿನ ಮರಗಳಲ್ಲಿ ಅಂಥ ಸಾಲೂ ಇಲ್ಲ, ರಂಗೋಲಿ ಹಿಟ್ಟು ಕೈತಪ್ಪಿ ಚೆಲ್ಲಿದಂತೆ ಎಲ್ಲೆಡೆ ಚುಕ್ಕಿ. ಮಧ್ಯಾಹ್ನದೊಳಗೆ ಹಬ್ಬದ ಕ್ಷೌರಕ್ಕೆಂದು ತಂದಿದ್ದ ನಾಲ್ಕು ಬ್ಲೇಡುಗಳನ್ನು ಮುಗಿಸಿ ನಾನು ಕಂಡುಹಿಡಿದದ್ದು ಒಂದು ಹಲಸು. ಅದನ್ನೂ ಮಸೂರದಿಂದಲ್ಲ, ಅರಿಸಿನದಂಥ ಬಣ್ಣದಿಂದ.

ಮಾವ ಬಂದು ಸ್ವಲ್ಪ ಹೊತ್ತು ನೋಡುತ್ತಾ ನಿಂತರು. ಆಮೇಲೆ ರಾಶಿಯ ಕಡೆ ಸರಿಯಾಗಿ ತಿರುಗದೆಯೇ, ಕವಳ ಹಾಕಿದ ಬಾಯಲ್ಲಿ ಹೇಳತೊಡಗಿದರು: "ಅದು ಮತ್ತಿ. ತೊಗಟೆ ಮೊಸಳೆ ಬೆನ್ನಿನ ಹಾಗಿದೆ ನೋಡಿ. ಅದು ನಂದಿ, ಸಿಪ್ಪೆ ನಯ. ಆ ಕೆಂಪು ಅಂಟು ಬಂದಿರೋದು ಹೊನ್ನೆ. ಆಚೆ ಇರೋದೆಲ್ಲ ಅಕೇಶಿಯಾ, ಅದಕ್ಕೆ ಯಾಕೆ ಬ್ಲೇಡು ಹಾಳು ಮಾಡಿದ್ರಿ?"

"ತೊಗಟೆ ಇಲ್ಲದಿದ್ದರೆ?" ಎಂದೆ, ಸೋಲೊಪ್ಪದೆ.

"ಎತ್ತಿ ನೋಡೋದು, ಮೂಸೋದು. ಸೀಳುವಾಗ ಕೊಡಲಿ ಸದ್ದಲ್ಲೇ ಗೊತ್ತಾಗುತ್ತೆ" ಎಂದು ಹೊರಟೇಹೋದರು.

ಅವಮಾನವಾಯಿತು. ಮಾವನಿಗೆ ಗೊತ್ತಿಲ್ಲದ ಒಂದಾದರೂ ತುಂಡು ಸಿಗಲಿ ಎಂದು ಕೊಟ್ಟಿಗೆಯ ಹಿಂಬದಿಗೆ ನುಗ್ಗಿದೆ. ಅಲ್ಲಿ, ಕತ್ತಲೆ ಮೂಲೆಯಲ್ಲಿ, ಬೇರೆ ಸೌದೆಗೆ ತಾಗದಂತೆ ದೂರ ಒಟ್ಟಿ, ಮೇಲೆ ಅಡಿಕೆ ಸೋಗೆ ಹೊದಿಸಿದ ಪುಟ್ಟ ರಾಶಿ. ಸೋಗೆ ಸರಿಸಿದೆ. ಬಿಳಿಚು ಮರದ ಮೇಲೆ ಇದ್ದಿಲಿನಷ್ಟು ಕಪ್ಪು ಗೆರೆಗಳು, ಮಿಂಚುವ ಕಲೆಗಳು. ಎದೆ ಧಸಕ್ಕೆಂದಿತು. ಬೀಟೆ! ಅನುಮತಿಯಿಲ್ಲದೆ ಕಡಿದರೆ ಅರಣ್ಯ ಇಲಾಖೆಯವರು ಮನೆಗೇ ಬರುವ ಮರ. ಮಾವ ಮುಚ್ಚಿಟ್ಟಿದ್ದರ ಗುಟ್ಟು ಈಗ ತಿಳಿಯಿತು.

ಬೀಟೆ ಭಾರದ ಮರ, ಈ ತುಂಡು ಒಂದೇ ಕೈಗೆ ಬಂತು. ಒಣಗಿರಬೇಕು ಎಂದು ಸಮಾಧಾನ ಹೇಳಿಕೊಂಡೆ. ಬೀಟೆಯ ಚೇಗಿಗೆ ಸಿಹಿವಾಸನೆ ಎಂದು ಓದಿದ್ದೆ. ಇದಕ್ಕೆ ಬರಲಿಲ್ಲ. ಮೂಗನ್ನು ಇನ್ನಷ್ಟು ಒತ್ತಿ ಮೂಸಿದೆ, ಕೆನ್ನೆಗೆ ಹಚ್ಚಿ ನುಣುಪು ನೋಡಿದೆ, ಕಪ್ಪು ಗೆರೆಯನ್ನು ಉಗುರಿನಿಂದ ಕೆರೆದೆ. ಒಂದು ತುಂಡನ್ನು ಬನಿಯನ್ನಿನೊಳಗೆ ಅಡಗಿಸಿ ಕೋಣೆಗೂ ಒಯ್ದೆ. ಬೀಟೆಯ ಪೇಪರ್‌ವೇಟ್ ನಮ್ಮ ಆಫೀಸಿನಲ್ಲಿ ಯಾರ ಮೇಜಿನ ಮೇಲೂ ಇಲ್ಲ.

ರಾತ್ರಿ ಊಟಕ್ಕೆ ಕೂತಾಗ ಮಾವನ ಕಡೆ ಬಾಗಿ ಮೆಲ್ಲಗೆ ಹೇಳಿದೆ: "ಆ ಮೂಲೇಲಿರೋದನ್ನ ನೋಡಿದೆ. ಯಾರಿಗೂ ಹೇಳೋಲ್ಲ."

"ಓ ಅದಾ? ಮುಟ್ಟೋಕೆ ಹೋಗ್ಬೇಡಿ ಮತ್ತೆ. ಹಬ್ಬ ಕಳೀಲಿ, ದೂರ ಸಾಗಿಸಿಬಿಡ್ತೀನಿ."

ಎಂಥ ಎದೆಗಾರಿಕೆ, ಅದೂ ಮಕ್ಕಳ ಎದುರಿಗೆ! ಮನೆತನದ ಮರ್ಯಾದೆ ಕಾಯುವ ಭಾರ ಹೊತ್ತು ಮಲಗಿದೆ.

ನರಕ ಚತುರ್ದಶಿಯ ಬೆಳಗಿನ ಜಾವ ಅಭ್ಯಂಜನಕ್ಕೆ ಎಬ್ಬಿಸಿದರು. ಹಂಡೆಗೆ ಹಿಂಡ್ಲೆಕಾಯಿ ಬಳ್ಳಿ ಸುತ್ತಿ ನೀರು ಕಾಯಿಸಿದ್ದರು. ನನಗೆ ಹಂಡೆ ಕಾಣಲಿಲ್ಲ, ಏಕೆಂದರೆ ಕಣ್ಣು ಬಿಡಲಾಗಲಿಲ್ಲ. ಮುಖ ಕಡುಬಿನಂತೆ ಉಬ್ಬಿತ್ತು, ಎದೆ ಮೇಲೆ ಸೌದೆ ತುಂಡಿನ ಅಳತೆಗೆ ಸರಿಯಾಗಿ ಬೊಬ್ಬೆ ಎದ್ದಿತ್ತು. ಎಣ್ಣೆ ಹಚ್ಚಲು ಬಂದ ಅತ್ತೆ ಬಟ್ಟಲನ್ನು ಅಲ್ಲೇ ಇಟ್ಟು ಕೂಗಿದರು: "ಅಯ್ಯಯ್ಯೋ, ಅಳಿಯಂದ್ರು ಹೊಳೆಗೇರು ಮುಟ್ಟಿದಾರೆ!"

ಬೇಲಿಯಂಚಿನಲ್ಲಿ ಗಾಳಿಗೆ ಬಿದ್ದ ಹೊಳೆಗೇರು ಮರವಂತೆ. ಸಸ್ಯಶಾಸ್ತ್ರದವರ ಹೊಲಿಗಾರ್ನಾ. ಎರಡು ಸಲ ಹೇಳಿ ನೋಡಿ, ಹೊಳೆಗೇರು ಎಂದೇ ಕೇಳಿಸುತ್ತದೆ. ಮಾವು, ಗೇರುಬೀಜಗಳ ಮನೆತನದ್ದೇ. ಗಾಳಿ ತಾಗಿದರೆ ಇದರ ಸೊನೆ ಕಪ್ಪಾಗುತ್ತದೆ, ನಾನು ಕಂಡ ಬೀಟೆಯ ಗೆರೆ ಅದೇ. ಮೈಗೆ ತಾಗಿದರೆ ಸುಟ್ಟಂತೆ ಬೊಬ್ಬೆ. ಉರಿಸಿದರೆ ಹೊಗೆಯೂ ಕೆಟ್ಟದ್ದು ಎಂದೇ ಮಾವ ಅದನ್ನು ಒಲೆಯಿಂದ ದೂರ ಒಟ್ಟಿದ್ದರು. ಇದರ ದಾಯಾದಿ ಕರಿಗೇರಿನ ಕಾಯಿಯ ರಸದಿಂದ ಹಿಂದೆ ಅಗಸರು ಬಟ್ಟೆಗೆ ಅಳಿಸಲಾಗದ ಗುರುತು ಹಾಕುತ್ತಿದ್ದರು. ಮರ ಗುರುತಿಸಲು ಹೋದ ನನಗೆ ಮರವೇ ಗುರುತು ಹಾಕಿ ಕಳಿಸಿತ್ತು.

ಔಷಧಿಗೆ ಪೇಟೆಗೆ ಹೋಗುವ ಮೊದಲು ತಾರೆ ಮರಕ್ಕೆ ಮೂರು ಸುತ್ತು ಬರಲೇಬೇಕು ಎಂದರು ಅತ್ತೆ. ಹೊಳೆಗೇರು ಮುನಿದರೆ ತಾರೆಯೇ ಸಮಾಧಾನ ಮಾಡಬೇಕಂತೆ. ಘಟ್ಟದ ಆಚೆ ಕೇರಳದಲ್ಲೂ ಈ ನಂಬಿಕೆಯಿದೆ, ಅಲ್ಲಿ ತಾರೆಗೆ ತಾನ್ನಿ ಎನ್ನುತ್ತಾರೆ. ನಾನು ವಿಚಾರವಾದಿ. ಆದರೆ ಕಣ್ಣು ಮುಚ್ಚಿದ ವಿಚಾರವಾದಿ, ಹೊರಟೆ. ಭಾವಮೈದನ ಆರನೇ ಕ್ಲಾಸಿನ ಮಗ ದಾರಿ ತೋರಿಸಲು ಬಂದ. "ತಾರೆ ತ್ರಿಫಲದಲ್ಲಿ ಒಂದು, ನನಗೆ ಗೊತ್ತು" ಎಂದು ಅವನನ್ನು ಹಿಂದೆ ಬಿಟ್ಟು, ರೆಪ್ಪೆಯ ಸಂದಿಯಲ್ಲಿ ಕಂಡ ದೊಡ್ಡ ಮರಕ್ಕೆ ಭಕ್ತಿಯಿಂದ ಮೂರು ಸುತ್ತು ಬಂದೆ.

"ಮಾಮ, ಅದು ಮತ್ತಿ."

ತೊಗಟೆಗೆ ಕೈ ಆನಿಸಿದ್ದರೆ ಮೊಸಳೆ ಬೆನ್ನು ಸಿಗುತ್ತಿತ್ತು. ಮರ ಮುಟ್ಟುವ ಧೈರ್ಯ ಎಲ್ಲಿಂದ ತರಲಿ? "ಮೊದಲೇ ಯಾಕೋ ಹೇಳಲಿಲ್ಲ?" ಎಂದೆ.

"ನೀವು ಗೊತ್ತು ಅಂದ್ರಲ್ಲ."

ಮತ್ತಿಯೂ ತಾರೆಯೂ ಟರ್ಮಿನೇಲಿಯಾ ಎಂಬ ಒಂದೇ ಕುಲದವು, ಅಣ್ಣನಿಗೆ ಸಲ್ಲಬೇಕಾದ್ದು ತಮ್ಮನಿಗೆ ಸಂದಿತು ಅಷ್ಟೇ ಎಂದು ವಾದಿಸಿದೆ. ಹುಡುಗ ಕೇಳಿಸಿಕೊಳ್ಳದೆ, ಕೈಹಿಡಿದು ತಾರೆಯ ಬುಡಕ್ಕೆ ಒಯ್ದು, ಸುತ್ತು ತಾನೇ ಎಣಿಸಿದ. ಪೇಟೆಯ ಡಾಕ್ಟರು ಮಾತ್ರೆ, ಮುಲಾಮು ಬರೆದು, "ಯಾವ ಮರ?" ಎಂದು ಕೇಳಿದರು. ಆ ಹಬ್ಬದಲ್ಲಿ ನಾನು ಸರಿಯಾಗಿ ಹೇಳಿದ ಒಂದೇ ಹೆಸರು ಅದು.

ಹೊರಡುವ ದಿನ ಮಾವ ಅಟ್ಟದಿಂದ ಹಳೆಯ ಮಂಚದ ಮುರಿದ ಕಾಲೊಂದನ್ನು ಇಳಿಸಿ ತಂದರು. ಕಡುಗಂದು, ಕಪ್ಪು ಗೆರೆ, ಒಳ್ಳೇ ಭಾರ. "ಇದು ಬೀಟೆ. ಪೇಪರ್‌ವೇಟ್ ಮಾಡಿಸ್ಕೊಳ್ಳಿ" ಎಂದು ಚಾಚಿದರು. ನಾನು ಹೆಗಲ ಮೇಲಿನ ಟವೆಲ್ ತೆಗೆದು, ಎರಡು ಮಡಿಕೆ ಮಾಡಿ, ಅದರಲ್ಲಿ ಹಿಡಿದುಕೊಂಡೆ.